ಮಧುಗಿರಿ ಬಂಡೆ, ಕೋಲಾರದ ಕೆಮ್ಮಣ್ಣು, ನಂದಿಯ ಮಂಜು: ಸ್ಕ್ಯಾನ್ ಮಾಡಿದ ಫಿಲ್ಮಿಗೆ ಯಾವ ತಿದ್ದುಪಡಿ ಹೊಂದುತ್ತದೆ?

ಹೋಲಿಕೆಗೆ ಇಟ್ಟುಕೊಂಡದ್ದು ಮೂರು ಕಲರ್ ನೆಗೆಟಿವ್. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ. ನಂದಿಬೆಟ್ಟದ ಮೇಲಿಂದ ಬೆಳಗಿನ ಮಂಜು. ಕೋಲಾರದ ಕಡೆಯ ಒಂದು ಕೆರೆ ಏರಿ, ಹಿಂದೆ ನೀಲಗಿರಿ ತೋಪು, ಮುಂದೆಲ್ಲ ಬೇಸಿಗೆಯ ಕೆಮ್ಮಣ್ಣು, ಆಕಾಶವೇ ಇಲ್ಲ. ಮೂರೂ 35 ಎಂಎಂ ಕೊಡಾಕ್ ಗೋಲ್ಡ್ 200. ಸ್ಕ್ಯಾನ್ ಮಾಡಿದ್ದು 2400 ಡಿಪಿಐಯಲ್ಲಿ, 16 ಬಿಟ್ ಟಿಫ್ ಆಗಿ. ಒಂದು ಫ್ರೇಮಿಗೆ ಸುಮಾರು 3400 × 2270 ಪಿಕ್ಸೆಲ್, 46 ಎಂಬಿ.

ಸ್ಟುಡಿಯೋ ಕೊಡುವ 8 ಬಿಟ್ ಜೆಪೆಗ್ ಸಾಲದೇ ಎಂದರೆ, ಮಧುಗಿರಿಗೆ ಸಾಕು, ನಂದಿಗೆ ಸಾಲದು. 8 ಬಿಟ್‌ನಲ್ಲಿ ಒಂದು ಚಾನೆಲ್‌ಗೆ (ಕೆಂಪು, ಹಸಿರು, ನೀಲಿಯಲ್ಲಿ ಒಂದಕ್ಕೆ) 256 ಮೆಟ್ಟಿಲು, 16 ಬಿಟ್‌ನಲ್ಲಿ 65,536. ಮಂಜಿನ ಚಿತ್ರ ಆ 256ರಲ್ಲಿ ಸಣ್ಣದೊಂದು ಪಾಲನ್ನಷ್ಟೇ ಬಳಸಿರುತ್ತದೆ. ಅದನ್ನು ಹಿಗ್ಗಿಸಿದ ಕೂಡಲೇ ಆಕಾಶ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ.

ಮುಂದೆ ಹೇಳುವ ನೆಗಾಡಾಕ್ಟರ್ ಬಿಟ್ಟು ಬೇರೆ ಯಾವ ದಾರಿ ಹಿಡಿದರೂ ಮೊದಲು ಹೋಲ್ಡರಿನ ಕಪ್ಪು ಅಂಚು, ಫಿಲ್ಮಿನ ಖಾಲಿ ಅಂಚು ಎರಡನ್ನೂ ಕ್ರಾಪ್ ಮಾಡಿ ತೆಗೆಯಬೇಕು. ಅವು ಉಳಿದರೆ ಹಿಸ್ಟೋಗ್ರಾಮ್ (ಯಾವ ಬೆಳಕಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆ) ಅವನ್ನೇ ಚಿತ್ರದ ಕಪ್ಪು-ಬಿಳುಪು ಎಂದು ಲೆಕ್ಕ ಹಾಕುತ್ತದೆ. ‘ಆಟೋ ಕೆಲಸ ಮಾಡಲ್ಲ’ ಎನ್ನುವವರ ದೂರಿನಲ್ಲಿ ಅರ್ಧ ಇಲ್ಲೇ ಬಗೆಹರಿಯುತ್ತದೆ.

ಆಟೋ ಲೆವೆಲ್ಸೋ, ಕೈಯಾರೆ ಲೆವೆಲ್ಸೋ

ಲೆವೆಲ್ಸ್ ಎಂದರೆ ಚಿತ್ರದ ಕಪ್ಪು ತುದಿ, ಬಿಳಿ ತುದಿ, ನಡುಬೆಳಕು ಎಲ್ಲಿರಬೇಕೆಂದು ಮೂರು ಗುಂಡಿಯಲ್ಲಿ ಹೇಳುವ ಸಾಧನ. ಆಟೋ ಮಾಡುವುದು ಇಷ್ಟೇ: ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಎರಡೂ ತುದಿಗೆ (0 ಕಪ್ಪು, 255 ಬಿಳುಪು) ಎಳೆಯುತ್ತದೆ, ಫೋಟೋಶಾಪ್‌ನಲ್ಲಿ ಎರಡೂ ಕಡೆ 0.1 ಶೇಕಡಾ ಪಿಕ್ಸೆಲ್ ಕತ್ತರಿಸಿಕೊಳ್ಳುತ್ತದೆ. ಚಿತ್ರದಲ್ಲಿ ನಿಜವಾದ ಕಪ್ಪು, ನಿಜವಾದ ಬಿಳುಪು ಇದ್ದರೆ ಸರಿ. ಮಧುಗಿರಿಯಲ್ಲಿ ಎರಡೂ ಇವೆ, ಮುಕ್ಕಾಲು ಕೆಲಸ ಆಟೋದಲ್ಲೇ ಮುಗಿಯಿತು. ಕೆರೆ ಏರಿಯಲ್ಲಿ ಬಿಳುಪೇ ಇಲ್ಲ. ಕೆಮ್ಮಣ್ಣಿನಲ್ಲಿ ನೀಲಿ ಕಡಿಮೆ ಇರುವುದು ಸಹಜ, ಆದರೆ ಆಟೋ ಅದನ್ನು ಕೊರತೆ ಎಂದುಕೊಂಡು 255ರವರೆಗೆ ಎತ್ತಿತು, ಮಣ್ಣು ಬೂದುಗುಲಾಬಿಯಾಯಿತು. ನಂದಿಯಲ್ಲಂತೂ ಮಂಜನ್ನೇ ಅಳಿಸಿ ಗ್ರೇನ್ (ಫಿಲ್ಮಿನ ಕಾಳುಕಾಳು) ಮೇಲೆಬ್ಬಿಸಿತು.

ಕೈಯಾರೆ ಮಾಡುವಾಗ ಒಂದೊಂದೇ ಚಾನೆಲ್ ತೆರೆದು, ಆಲ್ಟ್ ಕೀ ಒತ್ತಿಕೊಂಡು ತುದಿಯ ಗುಂಡಿಯನ್ನು ಸರಿಸಿ. ಪಿಕ್ಸೆಲ್‌ಗಳು ಕತ್ತರಿಸಿಹೋಗುವ ಗುರುತು ಕಂಡಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ನೆಗೆಟಿವ್‌ನ ಕಿತ್ತಳೆ ಮಾಸ್ಕ್ ನೀಲಿ ಬೆಳಕನ್ನೇ ಹೆಚ್ಚು ತಡೆಯುವುದರಿಂದ ಸ್ಕ್ಯಾನ್‌ನಲ್ಲಿ ಅತಿ ದುರ್ಬಲ ಚಾನೆಲ್ ನೀಲಿಯೇ. ನೆರಳು ನೀಲಿಗೆ ತಿರುಗಿದ್ದರೆ ಆ ಚಾನೆಲ್‌ನ ಕಪ್ಪು ತುದಿಯನ್ನು ಇನ್ನಷ್ಟು ಒಳಗೆ ತನ್ನಿ. ಅತಿ ಕಪ್ಪು ನೆರಳಿನಲ್ಲಿ ಮೂರೂ ಸಂಖ್ಯೆ 12–18ರ ನಡುವೆ ಹತ್ತಿರ ಹತ್ತಿರ ಇದ್ದರೆ ಸಾಕು. ಮಂಜಿನ ಚಿತ್ರಕ್ಕೆ ಈ ನಿಯಮ ಬೇಡ. ಅಲ್ಲಿ ಕಪ್ಪನ್ನು 25–30ರಲ್ಲೇ ಬಿಡಿ.

ನಡುವಿನ ಗುಂಡಿಗೆ ಆಧಾರವಾಗಿ ನಮ್ಮ ಕಡೆ ಎಲ್ಲರೂ ಬಂಡೆಯನ್ನೇ ಹಿಡಿಯುತ್ತಾರೆ: ಬಂಡೆ ಬೂದು, ಬೂದು ಎಂದರೆ ಮೂರೂ ಸಮ. ತುಮಕೂರು ಜಿಲ್ಲೆಯಲ್ಲಿ ಇದು ಕೈಕೊಡುತ್ತದೆ. ಇಲ್ಲಿ ಉದ್ದಕ್ಕೂ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್‌ನಲ್ಲಿ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಖನಿಜ ಇದೆ. ಗ್ರೇ ಐಡ್ರಾಪರ್ (ಒತ್ತಿದ ಜಾಗವನ್ನು ಬೂದು ಮಾಡುವ ಸಾಧನ) ಹಿಡಿದು ಬಂಡೆ ಮೇಲೆ ಒತ್ತಿದರೆ ಆ ಗುಲಾಬಿ ಸಾಯುತ್ತದೆ, ಜೊತೆಗೆ ಗಿಡಗಂಟಿಯೆಲ್ಲ ನೀಲಿಗಟ್ಟಿದ ಹಸಿರಾಗುತ್ತದೆ. ಕೆಂಪು 150 ಇದ್ದರೆ ಹಸಿರು 145, ನೀಲಿ 140ರ ಆಸುಪಾಸು ಬಿಡಿ. ಸಿಮೆಂಟ್ ಮೆಟ್ಟಿಲು, ಕರೆಂಟ್ ಕಂಬ ಕಂಡರೆ ಅವೇ ಲೇಸು. ಅಳೆಯುವಾಗ ಐಡ್ರಾಪರನ್ನು 11 × 11ರ ಸರಾಸರಿಗೆ ಇಡಿ. ಒಂದೇ ಪಿಕ್ಸೆಲ್ ಅಳೆದರೆ ಸಿಗುವುದು ಬಂಡೆಯ ಬಣ್ಣವಲ್ಲ, ಗ್ರೇನಿನ ಬಣ್ಣ.

ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶ ಬಳಸುವವರಿಗೆ 2020ರ 3.2 ಆವೃತ್ತಿಯಿಂದ ನೆಗೆಟಿವ್ ತಿರುಗಿಸುವ ನೆಗಾಡಾಕ್ಟರ್ ಇದೆ. ಸ್ಕ್ಯಾನರ್ ಏನನ್ನೂ ತಿದ್ದದಂತೆ ಪಾಸಿಟಿವ್ ಆಗಿ ಸ್ಕ್ಯಾನ್ ಮಾಡಿ, ಎರಡು ಫ್ರೇಮಿನ ನಡುವಿನ ಖಾಲಿ ಫಿಲ್ಮಿನಿಂದ ಮಾಸ್ಕಿನ ಬಣ್ಣ ಆರಿಸಿಕೊಟ್ಟರೆ ನೆರಳಿನ ನೀಲಿ ಬಹುಪಾಲು ಅಲ್ಲೇ ಹೋಗುತ್ತದೆ. ಈ ಕೆಲಸಕ್ಕೆ ಆ ಖಾಲಿ ಜಾಗ ಸ್ಕ್ಯಾನ್‌ನಲ್ಲಿ ಇರಲೇಬೇಕು, ಕ್ರಾಪ್ ಆಮೇಲೆ.

ಕಾಂಟ್ರಾಸ್ಟ್: ಆರ್‌ಜಿಬಿ ಕರ್ವ್‌ಗೂ ಲ್ಯೂಮಿನಾಸಿಟಿಗೂ

ಒಂದೇ ಎಸ್ ಕರ್ವ್ (ನೆರಳನ್ನು ಇಳಿಸಿ ಬೆಳಕನ್ನು ಏರಿಸುವ ರೇಖೆ): 64 ಇದ್ದದ್ದು 54, 192 ಇದ್ದದ್ದು 202. ಸಾಮಾನ್ಯ ಮೋಡ್‌ನಲ್ಲಿ ಕೆಮ್ಮಣ್ಣು ಇಟ್ಟಿಗೆ ಗೂಡಿನಿಂದ ಈಗ ತೆಗೆದಂತೆ ಕೆಂಪೇರಿತು. ಅಲ್ಲಿ ಕೆಂಪು ಮೇಲಿನ ಅರ್ಧದಲ್ಲೂ ನೀಲಿ ಕೆಳಗಿನ ಅರ್ಧದಲ್ಲೂ ಇವೆ. ಕರ್ವ್ ಒಂದನ್ನು ಎತ್ತಿ ಇನ್ನೊಂದನ್ನು ತುಳಿಯುತ್ತದೆ, ಸ್ಯಾಚುರೇಶನ್ (ಬಣ್ಣದ ಗಾಢತೆ) ಕೇಳದೆಯೇ ಹೆಚ್ಚುತ್ತದೆ. ಅದೇ ಲೇಯರ್ ಅನ್ನು ಬೆಳಕನ್ನಷ್ಟೇ ಮುಟ್ಟುವ ಲ್ಯೂಮಿನಾಸಿಟಿ ಮೋಡ್‌ಗೆ ಬದಲಿಸಿದರೆ ಕಾಂಟ್ರಾಸ್ಟ್ ಉಳಿದು ಬಣ್ಣ ಹಿಂದಿನ ಜಾಗಕ್ಕೆ ಬರುತ್ತದೆ. ಜಿಂಪ್ ಎಂಬ ಉಚಿತ ತಂತ್ರಾಂಶದ 2.10ರಲ್ಲಿ ಲೇಯರ್ ನಕಲು ಮಾಡಿ ಎಲ್‌ಸಿಎಚ್ ಲೈಟ್‌ನೆಸ್ ಮೋಡ್ ಇಟ್ಟರೆ ಹತ್ತಿರ ಹತ್ತಿರ ಅದೇ ಫಲ. ಕೋಲಾರಕ್ಕೂ ಮಧುಗಿರಿಗೂ ಲ್ಯೂಮಿನಾಸಿಟಿ. ನಂದಿಗೆ ಮಾತ್ರ ಸಾಮಾನ್ಯ ಮೋಡ್: ಇರುವ ಬಣ್ಣವೇ ಅಷ್ಟಿಷ್ಟು, ಹೆಚ್ಚಾದರೆ ನಷ್ಟವಿಲ್ಲ.

ಬಣ್ಣ: ಸ್ಯಾಚುರೇಶನ್ ಗುಂಡಿಗೂ ಲ್ಯಾಬ್ ಮೋಡ್‌ಗೂ

ಸ್ಯಾಚುರೇಶನ್ ಗುಂಡಿ ಎಲ್ಲ ಬಣ್ಣವನ್ನೂ ಒಟ್ಟಿಗೆ ಗಾಢ ಮಾಡುತ್ತದೆ. ನಮ್ಮ ಬಯಲಿಗೆ ಬೇಕಿರುವುದು ಗಾಢತೆಯಲ್ಲ, ಬೇರ್ಪಡಿಕೆ. ಬೇಸಿಗೆಯಲ್ಲಿ ಒಣಹುಲ್ಲು, ಮಣ್ಣು, ಧೂಳು ಹಿಡಿದ ನೀಲಗಿರಿ ಎಲೆ ಎಲ್ಲವೂ ಹಳದಿಯ ಸಣ್ಣ ವ್ಯತ್ಯಾಸಗಳು.

ಲ್ಯಾಬ್ ಮೋಡ್‌ನಲ್ಲಿ ಬೆಳಕು ‘ಎಲ್’ ಚಾನೆಲ್‌ನಲ್ಲಿ ಬೇರೆಯೇ ಕೂತಿರುತ್ತದೆ. ‘ಎ’ ಹಸಿರಿನಿಂದ ಮೆಜೆಂಟಾಕ್ಕೆ, ‘ಬಿ’ ನೀಲಿಯಿಂದ ಹಳದಿಗೆ. ಕರ್ವ್ಸ್ ತೆರೆದು ‘ಎ’ ರೇಖೆಯ ಎರಡೂ ತುದಿಯನ್ನು ಸಮನಾಗಿ ಒಳಗೆ ತನ್ನಿ: ಎಡತುದಿಯ ಇನ್‌ಪುಟ್ −128ರಿಂದ −100ಕ್ಕೆ, ಬಲತುದಿಯದು 127ರಿಂದ 100ಕ್ಕೆ. ರೇಖೆ ನಟ್ಟನಡುವಿನ ಸೊನ್ನೆಯ ಮೇಲೇ ಹಾಯಬೇಕು. ತಪ್ಪಿದರೆ ಚಿತ್ರವಿಡೀ ಒಂದೇ ಬಣ್ಣಕ್ಕೆ ವಾಲುತ್ತದೆ. ಎಲ್ಲರೂ ‘ಬಿ’ಗೂ ಅಷ್ಟೇ ಮಾಡಿ ಎನ್ನುತ್ತಾರೆ. ಬೇಡ. ಕೆಮ್ಮಣ್ಣೂ ಸೊಪ್ಪೂ ‘ಬಿ’ಯಲ್ಲಿ ಒಂದೇ ಕಡೆ, ಹಳದಿ ಕಡೆ ಇವೆ, ಎಳೆದರೆ ಎರಡೂ ಅರಿಸಿನವಾಗುತ್ತವೆ. ಅವು ಬೇರೆಯಾಗುವುದು ‘ಎ’ಯಲ್ಲಿ, ಸೊನ್ನೆಯ ಆಚೆಗೊಂದು ಈಚೆಗೊಂದು. ‘ಬಿ’ಗೆ −118, 117 ಧಾರಾಳ. ಕೆರೆ ಏರಿಯ ಚಿತ್ರದಲ್ಲಿ ಅತಿ ದೊಡ್ಡ ಗೆಲುವು ಇದೇ: ಮಣ್ಣು ಮಣ್ಣಾಗಿ, ಎಲೆ ಎಲೆಯಾಗಿ ನಿಂತವು.

ಡಾರ್ಕ್‌ಟೇಬಲ್‌ನ ಕಲರ್ ಕಾಂಟ್ರಾಸ್ಟ್ ಮಾಡ್ಯೂಲ್ ಇದನ್ನೇ ಎರಡು ಗುಂಡಿಯಲ್ಲಿ ಕೊಡುತ್ತದೆ, ಹಸಿರು-ಮೆಜೆಂಟಾ 1.25, ನೀಲಿ-ಹಳದಿ 1.1 ಇಟ್ಟು ನೋಡಿ. ತೊಂದರೆ ಎಂದರೆ ಗ್ರೇನಿನ ಬಣ್ಣವೂ ಜೊತೆಗೇ ಹಿಗ್ಗುತ್ತದೆ. ‘ಎ’, ‘ಬಿ’ ಎರಡಕ್ಕೂ 2–3 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟರೆ ಅದು ಅಡಗುತ್ತದೆ, ವಿವರ ‘ಎಲ್’ನಲ್ಲಿ ಇರುವುದರಿಂದ ಚಿತ್ರ ಮಸುಕಾಗುವುದಿಲ್ಲ. ವೆಲ್ವಿಯಾದಂಥ ಸ್ಲೈಡ್ ಫಿಲ್ಮಿಗೆ ಈ ಉಪಾಯ ಬೇಡವೇ ಬೇಡ. ಅದರ ಬಣ್ಣ ಮೊದಲೇ ತುಂಬಿದೆ.

ದೂರದ ಬೆಟ್ಟ, ಮಂಜು, ಧೂಳು

ಮಬ್ಬು ಕಳೆಯುವ ಡೀಹೇಜ್ ಗುಂಡಿ 20 ದಾಟಿದರೆ ಗ್ರೇನ್ ಏಳುತ್ತದೆ, ಮೂಲೆಗಳು ಕಪ್ಪಾಗುತ್ತವೆ. ದೊಡ್ಡ ರೇಡಿಯಸ್‌ನ ಅನ್‌ಶಾರ್ಪ್ ಮಾಸ್ಕ್ (ಅಮೌಂಟ್ 15–20, ರೇಡಿಯಸ್ 50 ಪಿಕ್ಸೆಲ್, ತ್ರೆಶೋಲ್ಡ್ 0) ಬಂಡೆಗೆ ಚೆನ್ನ. ಆಕಾಶ ಕೂಡುವಲ್ಲಿ ಬೆಟ್ಟದ ಅಂಚಿಗೆ ಬಿಳಿ ಗೆರೆ ಬರುವುದರಿಂದ ಆಕಾಶವನ್ನು ಲೇಯರ್ ಮಾಸ್ಕ್ ಹಾಕಿ ಹೊರಗಿಡಬೇಕು.

ನಂದಿಗೆ ಗೆದ್ದದ್ದು ಮೂರನೆಯದು. ಗಾಳಿಯ ತೆಳು ಮಬ್ಬು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತದೆ, ಹಾಗಾಗಿ ದೂರದ ಸಾಲು ಕೆಂಪು ಚಾನೆಲ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು ಚಾನೆಲ್ ನಕಲು ಮಾಡಿ ಮೇಲೊಂದು ಲೇಯರ್ ಆಗಿ ಅಂಟಿಸಿ, ಲ್ಯೂಮಿನಾಸಿಟಿ ಮೋಡ್, ಒಪಾಸಿಟಿ 40. ಬೆಟ್ಟದ ಸಾಲುಗಳು ಒಂದರ ಹಿಂದೊಂದು ಬಿಡಿಸಿಕೊಂಡವು, ಬಣ್ಣ ಕೆಡಲಿಲ್ಲ, ಗ್ರೇನ್ ಏಳಲಿಲ್ಲ. ದಟ್ಟ ಬಿಳಿ ಮಂಜಿನ ಮುಂದೆ ಇದು ನಡೆಯುವುದಿಲ್ಲ. ಅಲ್ಲಿನ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸುತ್ತವೆ. ಕೆಮ್ಮಣ್ಣು ಇರುವಲ್ಲೂ ಬೇಡ, ಮಣ್ಣು ಬೆಳ್ಳಗಾಗಿ ಗಿಡ ಕಪ್ಪಾಗುತ್ತದೆ.

ಕೊನೆಗೆ ಜೆಪೆಗ್ ಮಾಡುವ ಮುನ್ನ ಲ್ಯಾಬ್‌ನಿಂದ ಆರ್‌ಜಿಬಿಗೆ, ಆಮೇಲೆ ಎಸ್‌ಆರ್‌ಜಿಬಿ ಪ್ರೊಫೈಲ್‌ಗೆ, ಅದಾದ ಮೇಲೆ 8 ಬಿಟ್‌ಗೆ ಇಳಿಸಿ; ಲೇಯರ್‌ಗಳಿರುವ 16 ಬಿಟ್ ಟಿಫ್ ಬೇರೆ ಉಳಿಸಿ. 2400 ಡಿಪಿಐ ಸ್ಕ್ಯಾನ್ 8 × 12 ಇಂಚಿನ ಪ್ರಿಂಟಿಗೆ ಇಂಚಿಗೆ 283 ಪಿಕ್ಸೆಲ್ ಕೊಡುತ್ತದೆ, ಅಳತೆಯೂ 2:3 ಆದ್ದರಿಂದ ಏನೂ ಕತ್ತರಿಸಬೇಕಿಲ್ಲ. ಪ್ರಿಂಟಿಗೆ ಕೊಡುವಾಗ ಆಟೋ ಕರೆಕ್ಷನ್ ಆಫ್ ಮಾಡಿ ಎಂದು ಸ್ಟುಡಿಯೋದವರಿಗೆ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಕೆಮ್ಮಣ್ಣು ಮತ್ತೆ ಗುಲಾಬಿಯಾಗಿ ಬರುತ್ತದೆ.