ಅಮೆರಿಕದ ಏರ್‌ಪೋರ್ಟ್ ತಪಾಸಣೆ: ಚೀಲಕ್ಕೆ ನಾಲ್ಕು ಸ್ಟಾರ್, ಫೋನಿಗೆ ಒಂದೂವರೆ

ಹೋಟೆಲ್, ಕೊರಿಯರ್, ಗ್ಯಾಸ್ ಏಜೆನ್ಸಿ ಎಲ್ಲದಕ್ಕೂ ರಿವ್ಯೂ ಬರೆಯುತ್ತೇವೆ. ಅಮೆರಿಕದಲ್ಲಿ ವಿಮಾನ ಇಳಿದ ಮೇಲೆ ನಮ್ಮ ಸೂಟ್‌ಕೇಸ್ ಬಿಚ್ಚಿಸುವವರಿಗೂ ಒಂದು ಇರಲಿ. ಅವರೂ ತಮ್ಮ ಕೆಲಸವನ್ನು ಸೇವೆ ಅಂತಲೇ ಕರೆಯುತ್ತಾರೆ. ಅಲ್ಲಿನ ಗಡಿ ಇಲಾಖೆ ಪ್ರಯಾಣಿಕರಿಗೆ ಅಂತ ಒಂದು ಪ್ರತಿಜ್ಞೆಯನ್ನೇ ಪ್ರಕಟಿಸಿದೆ: ಮರ್ಯಾದೆಯಿಂದ ನಡೆಸಿಕೊಳ್ಳುತ್ತೇವೆ, ಏನು ನಡೆಯುತ್ತಿದೆ ಅಂತ ವಿವರಿಸುತ್ತೇವೆ, ಹೇಳುವುದಿದ್ದರೆ ಮೇಲಧಿಕಾರಿ ಕೇಳಿಸಿಕೊಳ್ಳುತ್ತಾರೆ. ಸರಿ, ಅವರ ಮಾತನ್ನೇ ಇಟ್ಟುಕೊಂಡು ನೋಡೋಣ.

ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಯಾವ ಏರ್‌ಪೋರ್ಟ್ ಅನ್ನುವುದು ಬೇಡ, ದೊಡ್ಡದು ಅಷ್ಟೆ. ಬಾಣಂತನಕ್ಕೆ ಹೊರಟವರ ಲಗೇಜ್ ಹೇಗಿರುತ್ತದೆ ಗೊತ್ತಲ್ವಾ: ಲೇಹ್ಯ, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಕೂಸಿಗೆ ಅಂತ ಹಳೇ ಕಾಟನ್ ಸೀರೆ ಹರಿದು ಮಾಡಿದ ಬಟ್ಟೆ. ಬೆಲ್ಟ್ ಹತ್ತಿರ ಕಾಯುತ್ತಿದ್ದಾಗ ಕೋಟು ಹಾಕಿದ ಪುಟ್ಟ ಬೀಗಲ್ ನಾಯಿಯೊಂದು ಬಂತು, ಅಮ್ಮನ ಕೈಚೀಲ ಮೂಸಿತು, ಬೊಗಳಲೂ ಇಲ್ಲ ಏನೂ ಇಲ್ಲ, ಪಕ್ಕದಲ್ಲೇ ಕುಳಿತುಬಿಟ್ಟಿತು. "ಪಾಪ, ಹಸಿದಿದೆಯೇನೋ" ಅಂದರು ಅಮ್ಮ. ಅದು ಹಾಗೆ ಕುಳಿತರೆ ಚೀಲದಲ್ಲಿ ಏನೋ ಇದೆ ಅಂತ. 1984ರಿಂದ ಅಲ್ಲಿ ಬೀಗಲ್‌ಗಳು ಇದೇ ಕೆಲಸ ಮಾಡುತ್ತಿವೆ. ಹುಡುಕುವುದು ಹಣ್ಣು, ಸೊಪ್ಪು, ಮಾಂಸ.

ಒಳಗಿನ ಮೇಜಿಗೆ ಕರೆದರು. ಗ್ಲೌಸ್ ಹಾಕಿದ್ದ ಮಹಿಳಾ ಅಧಿಕಾರಿ ಮೊದಲು ಅಮ್ಮನನ್ನು ಕೂರಿಸಿದರು, ಆಮೇಲೆ ಚೀಲಕ್ಕೆ ಕೈ ಹಾಕಿದರು. ಲೇಹ್ಯದ ಡಬ್ಬಿ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದವರು ಅಷ್ಟೇ ಬೇಗ ಮುಚ್ಚಿದರು. "ಬಾಣಂತಿಗೆ ಕಣಮ್ಮ, ಸೊಂಟಕ್ಕೆ ಒಳ್ಳೆಯದು" ಅಂತ ಅಮ್ಮ ಕನ್ನಡದಲ್ಲೇ ಹೇಳಿದರು. ನಾಯಿ ಕುಳಿತಿದ್ದು ಅದಕ್ಕಲ್ಲ. ಸ್ಟೀಲ್ ಡಬ್ಬಿಯಲ್ಲಿ ಪೇಪರ್ ಸುತ್ತಿ ಇಟ್ಟ ಹಸಿ ಕರಿಬೇವಿಗೆ. ಅದು ಸೀದಾ ಕಸದ ಡಬ್ಬಕ್ಕೆ ಹೋಯಿತು. ಆದರೆ ಯಾಕೆ ಅಂತ ಆಕೆ ಹೇಳಿದರು. ಕರಿಬೇವಿನ ಮೇಲೆ ಕೂರುವ ಒಂದು ಸಣ್ಣ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ಗ್ರೀನಿಂಗ್ ರೋಗ ಹಚ್ಚುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ನೆಲ ಕಚ್ಚಿಸಿದೆ. ನಮ್ಮ ಕೊಡಗಿನ ಕಿತ್ತಳೆಯನ್ನೂ ಕಾಡಿದ್ದು ಇದೇ. ತಿಂಡಿ ಪದಾರ್ಥ ಇದೆ ಅಂತ ಮೊದಲೇ ಹೇಳಿದ್ದರಿಂದ ದಂಡ ಬೀಳಲಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ 10,000 ಡಾಲರ್‌ವರೆಗೂ ಹಾಕಬಹುದು. ನಾಲ್ಕು ಸ್ಟಾರ್ ಇದಕ್ಕೇ. ಪ್ರತಿಜ್ಞೆಯಲ್ಲಿ ಇದ್ದದ್ದು ನಿಜವಾಗಿಯೂ ನಡೆಯಿತು.

ಪಕ್ಕದ ಮೇಜಿನ ಕಥೆ ಬೇರೆ. ಅಲ್ಲೊಬ್ಬ ಹುಡುಗನಿಗೆ ಕನೆಕ್ಟಿಂಗ್ ಫ್ಲೈಟ್ ತಪ್ಪುವುದರಲ್ಲಿತ್ತು. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ. ನನ್ನ ಹತ್ತಿರ ವೀಸಾ ಇದೆ, ಯಾವ ಕಾರಣಕ್ಕೆ ಬಿಚ್ಚುತ್ತೀರಿ ಹೇಳಿ ಅಂತ ದನಿ ಏರಿಸಿದ. ಅಧಿಕಾರಿ ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಸುರುಳಿ ಸುತ್ತಿದ ಕಾಲುಚೀಲಗಳನ್ನು ಒಂದೊಂದೇ ಜೊತೆ ಬಿಡಿಸಿ ನೋಡಿದರು, ಟೂತ್‌ಪೇಸ್ಟ್ ಡಬ್ಬಿ ತೆರೆದರು, ಪುಸ್ತಕದ ಹಾಳೆ ತಿರುವಿದರು. ಅದು ಅವರು ದಿನಾ ಮಾಡುವ ರೀತಿಯೋ, ಹುಡುಗ ಕೂಗಿದ್ದಕ್ಕೆ ನಿಧಾನ ಮಾಡಿದ್ದೋ, ನೋಡುತ್ತಿದ್ದ ನನಗೆ ಹೇಳಲಾಗುವುದಿಲ್ಲ. ಈ ವ್ಯವಸ್ಥೆಯ ಬಗ್ಗೆ ನನ್ನ ತಕರಾರು ಇಲ್ಲೇ ಇರುವುದು. ಅಧಿಕಾರ ಅಷ್ಟು ಅಗಲವಾದರೆ ಕರ್ತವ್ಯಕ್ಕೂ ಸೇಡಿಗೂ ನಡುವಿನ ಗೆರೆ ಹೊರಗಿನವರಿಗೆ ಕಾಣುವುದೇ ಇಲ್ಲ.

ಎಷ್ಟು ಅಗಲ ಅಂದರೆ, ಕಾರಣ ಹೇಳಬೇಕಾದ ಅಗತ್ಯವೇ ಅವರಿಗಿಲ್ಲ. ಮನೆ, ಮೈ, ಸಾಮಾನು ಸುಮ್ನೆ ಶೋಧಿಸಬಾರದು ಅನ್ನುವುದು ಅಮೆರಿಕ ಸಂವಿಧಾನದ 4ನೇ ತಿದ್ದುಪಡಿ. ಆದರೆ ಅದು 1791ರಲ್ಲಿ ಜಾರಿಗೆ ಬರುವ ಮುಂಚೆಯೇ, 1789ರಲ್ಲಿ, ಹಡಗು ಹತ್ತಿ ಹುಡುಕುವ ಅಧಿಕಾರವನ್ನು ಸುಂಕದವರಿಗೆ ಕೊಟ್ಟಾಗಿತ್ತು. 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದೂ ಇಷ್ಟೇ: ಗಡಿಯಲ್ಲಿ ನಡೆಯುವ ಶೋಧ ಗಡಿಯಲ್ಲಿ ನಡೆಯುತ್ತದೆ ಅನ್ನುವ ಕಾರಣಕ್ಕೇ ಸರಿ. 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೆಕ್ಸಿಕೊ ಗಡಿಯಲ್ಲಿ ಕಾರೊಂದರ ಪೆಟ್ರೋಲ್ ಟ್ಯಾಂಕನ್ನೇ ಮೆಕ್ಯಾನಿಕ್ ಕರೆಸಿ ಬಿಚ್ಚಿಸಿದ್ದರು, ಒಳಗೆ ಗಾಂಜಾ ಸಿಕ್ಕಿತ್ತು. ಅನುಮಾನ ಇಲ್ಲದಿದ್ದರೂ ಹಾಗೆ ಬಿಚ್ಚಿಸಬಹುದು ಅಂತ ಕೋರ್ಟ್ ಒಪ್ಪಿತು. ಪೆಟ್ರೋಲ್ ಟ್ಯಾಂಕಿಗೇ ಹೀಗಾದರೆ ಆ ಹುಡುಗನ ಕಾಲುಚೀಲ ಯಾವ ಲೆಕ್ಕ? ಜೊತೆಗೆ ಈ ಹಂತದಲ್ಲಿ ವಕೀಲರನ್ನು ಕೂರಿಸಿಕೊಳ್ಳುವ ಹಕ್ಕೂ ಇಲ್ಲ, ಕ್ರಿಮಿನಲ್ ಕೇಸಿನಲ್ಲಿ ವಶಕ್ಕೆ ತೆಗೆದುಕೊಂಡರೆ ಮಾತ್ರ ಬೇರೆ.

ಫೋನಿಗೆ ಒಂದೂವರೆ ಕೊಟ್ಟಿದ್ದು ಯಾಕೆ ಅಂತ ಹೇಳುತ್ತೇನೆ. ಪೊಲೀಸರು ಒಬ್ಬನನ್ನು ಬಂಧಿಸಿದರೂ ಅವನ ಫೋನ್ ನೋಡಲು ವಾರಂಟ್ ಬೇಕು ಅಂತ 2014ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿದೆ. ಗಡಿ ಅಧಿಕಾರಿಗಳು ಅದು ತಮಗೆ ಅನ್ವಯಿಸುವುದಿಲ್ಲ ಅನ್ನುತ್ತಾರೆ. ಅವರಿಗೆ ಜನವರಿ 2018ರ ಒಂದು ಇಲಾಖಾ ಸೂಚನೆ ಇದೆ. ಕೈಯಲ್ಲಿ ಹಿಡಿದು ಸ್ಕ್ರೋಲ್ ಮಾಡಿ ನೋಡುವುದಕ್ಕೆ ಅನುಮಾನ ಬೇಕಿಲ್ಲ. ಯಂತ್ರಕ್ಕೆ ಜೋಡಿಸಿ ಕಾಪಿ ಮಾಡಿಕೊಳ್ಳಬೇಕಾದರೆ ಮಾತ್ರ ಸಕಾರಣ ಅನುಮಾನವೋ ದೇಶದ ಭದ್ರತೆಯ ಚಿಂತೆಯೋ ಇರಬೇಕು, ಮೇಲಧಿಕಾರಿ ಒಪ್ಪಬೇಕು. ನೆಟ್ ಆಫ್ ಮಾಡಿಯೇ ನೋಡಬೇಕು, ಕ್ಲೌಡ್‌ನಲ್ಲಿ ಇರುವುದನ್ನು ಎಳೆಯುವಂತಿಲ್ಲ. ಇಟ್ಟುಕೊಂಡರೆ ಸಾಮಾನ್ಯವಾಗಿ 5 ದಿನ ದಾಟಬಾರದು. ಪಾಸ್‌ವರ್ಡ್ ಕೊಡಲ್ಲ ಅಂದರೆ? ಅಮೆರಿಕದ ಪ್ರಜೆಯನ್ನು ಒಳಗೆ ಬಿಡಲೇಬೇಕು, ಫೋನ್ ಮಾತ್ರ ಅಲ್ಲೇ ಉಳಿಯಬಹುದು. ವೀಸಾದಲ್ಲಿ ಬಂದ ನನ್ನಂಥವರನ್ನು ವಾಪಸ್ ಕಳಿಸಬಹುದು. ಹಾಗಾಗಿ ಅಲ್ಲಿ ಒಪ್ಪಿಗೆ ಅನ್ನುವುದಕ್ಕೆ ಏನೂ ಬೆಲೆ ಇಲ್ಲ. 2024ರ ಹಣಕಾಸು ವರ್ಷದಲ್ಲಿ 47,000ದಷ್ಟು ಪ್ರಯಾಣಿಕರ ಫೋನ್, ಲ್ಯಾಪ್‌ಟಾಪ್ ನೋಡಿದ್ದಾರೆ. ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಅನ್ನಿ. ಕಮ್ಮಿಯೇ, ಒಪ್ಪಿದೆ. ಆ ಒಬ್ಬರು ನೀವಾದರೆ ಲೆಕ್ಕ ಯಾರಿಗೆ ಬೇಕು?

ಹೆಸರು ಗೊತ್ತಿದ್ದರೆ ಬಿಟ್ಟುಬಿಡುತ್ತಾರೆ ಅಂತಲೂ ಇಲ್ಲ. ಶಾರುಖ್ ಖಾನ್ ಅವರನ್ನು 2009ರಲ್ಲಿ ನೆವಾರ್ಕ್‌ನಲ್ಲಿ, 2012ರಲ್ಲಿ ನ್ಯೂಯಾರ್ಕ್ ಹತ್ತಿರ, 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಡೆದಿದ್ದರು. ಕೊನೆಯ ಸಲ ಅವರು ಕಾಯುತ್ತಾ ಪೋಕೆಮಾನ್ ಹಿಡಿದೆ ಅಂತ ಟ್ವೀಟ್ ಮಾಡಿದರು, ಅಮೆರಿಕದ ರಾಯಭಾರಿ ಕ್ಷಮೆ ಕೇಳಿದರು. ನಮಗೆ ನಿಮಗೆ ರಾಯಭಾರಿ ಟ್ವೀಟ್ ಮಾಡುವುದಿಲ್ಲ ಬಿಡಿ.

ಬೆಂಗಳೂರಿಂದ ಹೋಗುವವರು ಅಬುಧಾಬಿ ಮೇಲೆ ಹೋಗುವುದನ್ನು ಯೋಚಿಸಬಹುದು. 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲೇ ಕುಳಿತು ತಪಾಸಣೆ ಮುಗಿಸುತ್ತಾರೆ, ಅಮೆರಿಕದಲ್ಲಿ ಇಳಿದ ಮೇಲೆ ಲೋಕಲ್ ಫ್ಲೈಟಿನಿಂದ ಇಳಿದವರ ಹಾಗೆ ಹೊರಗೆ ನಡೆಯಬಹುದು. ವಯಸ್ಸಾದವರಿಗೆ ಇದು ಎಷ್ಟೋ ಆರಾಮ. ಗಸಗಸೆ ಮಾತ್ರ ಖಂಡಿತ ಒಯ್ಯಬೇಡಿ. ಪಾಯಸದ ಗಸಗಸೆ ಅಬುಧಾಬಿ ಇರುವ ಯುಎಇಯಲ್ಲಿ ನಿಷಿದ್ಧ ಮಾದಕ ವಸ್ತು, ಜೈಲೂ ಆಗಿದೆ ಜನಕ್ಕೆ. ಇನ್ನೊಂದು, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದು ಜಾಸ್ತಿ ದಿನ ಊರಲ್ಲೇ ಇದ್ದು ಬಂದಿದ್ದರೆ, ಐ-407 ಅನ್ನುವ ಫಾರ್ಮಿಗೆ ಸಹಿ ಹಾಕಿ ಅಂತ ಕೇಳಿದಾಗ ಗಾಬರಿಯಲ್ಲಿ ಹಾಕಬಾರದು. ಅದು ಕಾರ್ಡ್ ಬಿಟ್ಟುಕೊಡುವ ಫಾರ್ಮು. ಹಾಕದೆ ಇಮಿಗ್ರೇಶನ್ ನ್ಯಾಯಾಧೀಶರ ಮುಂದೆ ಹೋಗುವ ಹಕ್ಕು ಅವರಿಗಿದೆ.

ಆ ಹುಡುಗನ ಸಿಟ್ಟಿನಲ್ಲಿ ನನಗೆ ತಪ್ಪು ಕಾಣಲಿಲ್ಲ, ಅದನ್ನು ಹೊರಹಾಕಿದ ಜಾಗ ಲಾಭದ್ದಲ್ಲ ಅಷ್ಟೆ. ಮೇಜಿನ ಹತ್ತಿರ ಕೂಗುವ ಬದಲು ಸೂಪರ್‌ವೈಸರ್ ಬೇಕು ಅಂತ ಮೆತ್ತಗೆ ಕೇಳಿ, ಅದು ಅವರೇ ಕೊಟ್ಟ ಮಾತು. ಬಂದ ಸಲವೆಲ್ಲ ನಿಮ್ಮನ್ನೇ ಪಕ್ಕಕ್ಕೆ ಕರೆಯುತ್ತಿದ್ದರೆ ಡಿಎಚ್‌ಎಸ್ ಟ್ರಿಪ್ ಅನ್ನುವ ಅಮೆರಿಕ ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ನಿಮ್ಮ ದೂರಿಗೆ ಒಂದು ರಿಡ್ರೆಸ್ ನಂಬರ್ ಕೊಡುತ್ತಾರೆ, ಮುಂದಿನ ಟಿಕೆಟ್ ಬುಕ್ ಮಾಡುವಾಗ ಅದನ್ನು ತುಂಬುವುದಕ್ಕೆ ಫಾರ್ಮಿನಲ್ಲೇ ಜಾಗ ಇರುತ್ತದೆ.