ಸೈಕ್ಲೊಮ್ಯಾಟಿಕ್ಕಾ, ಕಾಗ್ನಿಟಿವ್ವಾ? ಕೋಡ್ ಅಳೆಯೋಕೆ ಯಾವ್ದು ಸರಿ

ಇವೆರಡೂ ಕೋಡ್ ಎಷ್ಟು ಜಟಿಲ ಅಂತ ಒಂದು ನಂಬರಲ್ಲಿ ಹೇಳೋ ಅಳತೆಗಳು. ಕೋಡ್ ಓದೋಕೆ ಸುಲಭ ಆಗ್ಬೇಕು ಅನ್ನೋದೇ ಗುರಿ ಆದ್ರೆ ಕಾಗ್ನಿಟಿವ್ ಕಾಂಪ್ಲೆಕ್ಸಿಟಿ ತಗೊಳ್ಳಿ, ಯಾಕೆ ಅಂತ ಹೇಳ್ತೀನಿ.

ಸೈಕ್ಲೊಮ್ಯಾಟಿಕ್ ಹಳೇದು, 1976ರಲ್ಲಿ ಥಾಮಸ್ ಮೆಕೇಬ್ ಕೊಟ್ಟಿದ್ದು. ಫಂಕ್ಷನ್ (ಒಂದು ಕೆಲಸ ಮಾಡೋ ಕೋಡ್ ತುಂಡು) ಒಳಗೆ ಎಷ್ಟು ಕಡೆ ದಾರಿ ಕವಲಾಗುತ್ತೆ ಅಂತ ಎಣಿಸಿ 1 ಸೇರಿಸೋದು, 10 ದಾಟಿದ್ರೆ ಫಂಕ್ಷನ್‌ನ ಚಿಕ್ಕ ಚಿಕ್ಕದಾಗಿ ಒಡೀರಿ ಅಂತ ಅವರೇ ಹೇಳಿದ್ರು. ಕಾಗ್ನಿಟಿವ್ ಆಮೇಲೆ ಕೋಡ್ ಪರೀಕ್ಷಿಸೋ ಟೂಲ್ ಮಾಡೋ ಸೋನಾರ್‌ಸೋರ್ಸ್ ಕಂಪನಿಯಿಂದ ಬಂತು, ಇದು ಕವಲೊಳಗೆ ಕವಲು ಹೋದಷ್ಟೂ ಜಾಸ್ತಿ ಅಂಕ ಹಾಕುತ್ತೆ.

ಈಗ ನೋಡಿ, ಒಂದು ಇಫ್ (ಹೀಗಿದ್ರೆ ಹೀಗೆ ಮಾಡು ಅನ್ನೋ ಕಂಡೀಷನ್), ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಸೈಕ್ಲೊಮ್ಯಾಟಿಕ್ 4 ಅನ್ನುತ್ತೆ, ಕಾಗ್ನಿಟಿವ್ 1+2+3 ಅಂತ 6 ಅನ್ನುತ್ತೆ. ಅದನ್ನೇ ತಿರುಗಿಸಿ, ಕಂಡೀಷನ್ ಸರಿ ಇಲ್ದಿದ್ರೆ ಮೇಲೇ ರಿಟರ್ನ್ ಮಾಡಿ ಫಂಕ್ಷನ್‌ನಿಂದ ಆಚೆ ಬಾ ಅಂತ ಮೂರೂ ಇಫ್ ಒಂದರ ಕೆಳಗೊಂದು ಬರೆದ್ರೆ ಸೈಕ್ಲೊಮ್ಯಾಟಿಕ್ ಇನ್ನೂ 4ರಲ್ಲೇ ನಿಂತಿರುತ್ತೆ, ಕಾಗ್ನಿಟಿವ್ 3ಕ್ಕೆ ಇಳಿಯುತ್ತೆ, ಓದೋನಿಗೆ ಎಷ್ಟು ಹಗುರ ಆಯ್ತು ಅನ್ನೋದು ಆ ನಂಬರಲ್ಲೇ ಕಾಣುತ್ತೆ, ನಂಗೆ ಇದು ತುಂಬಾ ಇಷ್ಟ ಆಗಿರೋದೇ ಅದಕ್ಕೆ. ಹಾಗೇ 12 ಕೇಸ್ ಇರೋ ನೇರವಾದ ಸ್ವಿಚ್‌ಗೆ (ಒಂದು ವ್ಯಾಲ್ಯೂ ನೋಡಿ ಹಲವು ಕೇಸ್‌ಗಳಲ್ಲಿ ಒಂದನ್ನ ಆರಿಸೋ ಕೋಡ್) ಸೈಕ್ಲೊಮ್ಯಾಟಿಕ್ 13 ಕೊಟ್ಟು ಹೆದರಿಸುತ್ತೆ, ಕಾಗ್ನಿಟಿವ್ ಬರೀ 1 ಕೊಡುತ್ತೆ.

ಹಾಗಂತ ಹಳೇದನ್ನ ಬಿಸಾಕ್ಬೇಡಿ, ಎಲ್ಲಾ ಸ್ವತಂತ್ರ ದಾರಿಗಳನ್ನೂ ಮುಟ್ಟೋಕೆ ಎಷ್ಟು ಟೆಸ್ಟ್ ಬೇಕು ಅಂತ ಅಂದಾಜು ಮಾಡೋಕೆ ಅದೇ ಬೇಕು. ಮತ್ತೆ ಒಂದು ಮಾತು, ವೇರಿಯೇಬಲ್ ಹೆಸರು ಕೆಟ್ಟದಾಗಿದ್ರೆ ಎರಡಕ್ಕೂ ಗೊತ್ತಾಗಲ್ಲ, ಅದನ್ನ ರಿವ್ಯೂನಲ್ಲಿ ಜನಾನೇ ನೋಡ್ಬೇಕು.