ಐದು ಪೋರ್ಟಿನ ಗಿಗಾಬಿಟ್ ಸ್ವಿಚ್: ಮೂರು ವರ್ಷ ಬಳಸಿದ ಮೇಲೆ

ಮನೆಯ ಕಂಪ್ಯೂಟರ್, ರೂಟರ್‌ಗಳನ್ನು ಕೇಬಲ್‌ನಲ್ಲಿ ಒಂದಕ್ಕೊಂದು ಜೋಡಿಸುವ ಈ ನೆಟ್‌ವರ್ಕ್ ಸ್ವಿಚ್ ತಗೊಂಡು ಮೂರು ವರ್ಷ ಆಯ್ತು. ಮೊದಲ ವಾರವೇ ಇದನ್ನು ವಾಪಸ್ ಕಳಿಸಲು ಹೊರಟಿದ್ದೆ. ಕಳಿಸದೇ ಇದ್ದದ್ದು ಒಳ್ಳೆಯದಾಯಿತು.

ನಮ್ಮ ಮನೆಯಲ್ಲಿ ಕೆಳಗೆ ಹಾಲ್‌ನಲ್ಲಿ ರೂಟರ್, ಈ ಸ್ವಿಚ್, ಪಕ್ಕದಲ್ಲೇ ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಕೂಡಿಡುವ ಪೆಟ್ಟಿಗೆ) ಇವೆ. ಕಂಪ್ಯೂಟರ್ ಇರುವುದು ಮಹಡಿ ಮೇಲೆ. ಗೋಡೆಯೊಳಗಿನ ಪೈಪಿನಲ್ಲಿ ಕೇಬಲ್ ಎಳೆಸಿದ್ದೆವು. ತಂಗಿಯ ಮದುವೆ ವಿಡಿಯೊ ಒಟ್ಟು 40 ಜಿಬಿ ಇತ್ತು. ನ್ಯಾಸ್‌ಗೆ ಹಾಕಲು ಕೂತರೆ ಸೆಕೆಂಡಿಗೆ 11 ಎಂಬಿ, ಮೇಲೇರುವ ಮಾತೇ ಇಲ್ಲ. ಪೂರ್ತಿ ಒಂದು ಗಂಟೆ ಹಿಡಿಯಿತು.

ಆಗ ನನಗೆ ಗೊತ್ತಿರಲಿಲ್ಲ, ಆ 11ರಲ್ಲೇ ಉತ್ತರ ಇತ್ತು. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಅನ್ನು 8ರಿಂದ ಭಾಗಿಸಿದರೆ 12.5 ಎಂಬಿ. ಅದರಲ್ಲಿ ಸ್ವಲ್ಪ ಕಳೆದು ಕೈಗೆ ಸಿಗುವುದು 11 ಚಿಲ್ಲರೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಆಗಿದ್ದರೆ 110ರ ಆಸುಪಾಸು ಬರಬೇಕು. ಅಂದರೆ ಎಲ್ಲೋ ಒಂದು ಕಡೆ ಲಿಂಕ್ 100ಕ್ಕೆ ಇಳಿದಿದೆ ಎಂದರ್ಥ. ಸ್ವಿಚ್ ಕೂಡ ಅದನ್ನೇ ಹೇಳುತ್ತಿತ್ತು. ನನ್ನ ಸ್ವಿಚ್‌ನಲ್ಲಿ 1000 ಇದ್ದರೆ ಹಸಿರು ದೀಪ, 100 ಇದ್ದರೆ ಹಳದಿ. ಮೇಲಿಂದ ಬಂದ ಕೇಬಲ್‌ನ ಪೋರ್ಟ್ ಒಂದೇ ಹಳದಿಯಾಗಿತ್ತು.

ಲ್ಯಾಪ್‌ಟಾಪ್ ಕೆಳಗೆ ತಂದು, ಒಂದು ಮೀಟರಿನ ರೆಡಿಮೇಡ್ ಕೇಬಲ್‌ನಲ್ಲಿ ನೇರ ಸ್ವಿಚ್‌ಗೆ ಹಾಕಿದೆ. ಹಸಿರು ದೀಪ ಬಂತು. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಎಂಬ ಪ್ರೋಗ್ರಾಂ ಓಡಿಸಿದರೆ 940 ಎಂಬಿಪಿಎಸ್. ಅದೇ ಲ್ಯಾಪ್‌ಟಾಪ್ ಮೇಲಿನ ಗೋಡೆಯ ಸಾಕೆಟ್‌ಗೆ ಹಾಕಿದರೆ 94. ಸ್ವಿಚ್‌ನಲ್ಲಿ ಏನೂ ತಪ್ಪಿಲ್ಲ ಅಂತ ಅಲ್ಲಿಗೆ ಗೊತ್ತಾಯಿತು.

ಸಾಕೆಟ್‌ನ ಸ್ಕ್ರೂ ಬಿಚ್ಚಿ ನೋಡಿದೆ. ಎಂಟು ಎಳೆಗಳಲ್ಲಿ ಕಂದು ಬಣ್ಣದ್ದು ಬುಡದಲ್ಲೇ ತುಂಡಾಗಿತ್ತು. 100ಕ್ಕೆ ಕಿತ್ತಳೆ, ಹಸಿರು ಜೋಡಿಗಳ ನಾಲ್ಕೇ ಎಳೆ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಇಂಟರ್ನೆಟ್ ಆರಾಮಾಗಿ ನಡೀತಿತ್ತು, ನಮಗೆ ಅನುಮಾನವೇ ಬರಲಿಲ್ಲ. ಮುರಿದ ತುದಿಯನ್ನು ಬ್ಲೇಡಿನಿಂದ ಕೆರೆದೆ. ತಾಮ್ರದ ಬಣ್ಣ ಎದ್ದುಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. ಅಲ್ಯೂಮಿನಿಯಂ! ಕೇಬಲ್ ಮೇಲೆ ಕ್ಯಾಟ್ 6 (ಗಿಗಾಬಿಟ್‌ಗೆ ಸಾಕಾಗುವ, ತಾಮ್ರದ ಎಳೆಯೇ ಇರಬೇಕಾದ ಕೇಬಲ್ ದರ್ಜೆ) ಎಂದು ಅಚ್ಚಾಗಿತ್ತು, ನಾವೂ ಅದನ್ನೇ ನಂಬಿ ದುಡ್ಡು ಕೊಟ್ಟಿದ್ದೆವು. ಅಲ್ಯೂಮಿನಿಯಂ ಎಳೆ ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ. ಗೋಡೆಯೊಳಗೆ ಹಾಕುವ ಸಾಮಾನಲ್ಲಿ ಹೀಗೆ ಮೋಸ ಮಾಡಿದ್ದು ನನಗೆ ಇವತ್ತಿಗೂ ಬೇಜಾರು. ಕೇಬಲ್ ತರುವಾಗ ಅಂಗಡಿಯಲ್ಲೇ ತುದಿ ಕೆರೆದು ನೋಡಿ, ದಯವಿಟ್ಟು.

ಹಳೇ ಕೇಬಲ್‌ನ ತುದಿಗೆ ಹೊಸದನ್ನು ಕಟ್ಟಿ ಎಳೆದೆವು. ಈ ಸಲ ಅಪ್ಪಟ ತಾಮ್ರ. ಅದೇ 40 ಜಿಬಿ ಆರು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು. ಅಮ್ಮನನ್ನು ಕರೆದು ತೋರಿಸಿದೆ, ಅಷ್ಟು ಖುಷಿ ಆಗಿತ್ತು.

ಸಾವಿರಾರು ಸಣ್ಣ ಫೋಟೊಗಳನ್ನು ಹಾಕುವಾಗ ಈಗಲೂ ವೇಗ ಇಳಿಯುತ್ತದೆ. ಒಂದೊಂದು ಫೈಲನ್ನೂ ತೆರೆದು, ಬರೆದು, ಮುಚ್ಚಲು ಡಿಸ್ಕಿಗೆ ಹೊತ್ತು ಬೇಕಲ್ವಾ. ಅದಕ್ಕೆ ಸ್ವಿಚ್ ಬದಲಿಸಬೇಡಿ. ನಾನು ಒಂದೇ ಜಿಪ್ ಮಾಡಿ ಕಳಿಸುತ್ತೇನೆ.

ಲೋಹದ ಪೆಟ್ಟಿಗೆ, ಫ್ಯಾನ್ ಇಲ್ಲ, ಸದ್ದಿಲ್ಲ. ಬೇಸಿಗೆಯಲ್ಲೂ ಮುಟ್ಟಿದರೆ ಉಗುರುಬೆಚ್ಚಗೆ ಅಷ್ಟೇ. ಮೂರು ವರ್ಷದಲ್ಲಿ ಒಂದು ಸಲವೂ ಆಫ್ ಮಾಡಿ ಆನ್ ಮಾಡಬೇಕಾಗಿ ಬಂದಿಲ್ಲ. ಅಡಾಪ್ಟರ್ ಮಾತ್ರ ದಪ್ಪ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಕ್ಕದ ಪಾಯಿಂಟನ್ನೂ ಮುಚ್ಚಿಬಿಡುತ್ತದೆ. ಅದಕ್ಕೇ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.